‘ಬರೀ ವಿಚಾರಣೆ’ ಎಂದು ರಾತ್ರಿಯಿಡೀ ಠಾಣೆಯಲ್ಲಿ ಕೂರಿಸಿದರೆ?
ನಿಮ್ಮ ತಮ್ಮನನ್ನು ಸಂಜೆ ವಿಚಾರಣೆಗೆಂದು ಕರೆದೊಯ್ದು, ಮರುದಿನ ಮಧ್ಯಾಹ್ನ ಬಂಧನ ತೋರಿಸಿದರು, ಹಾಗಾದರೆ ಬಂಧಿತನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಇರುವ 24 ಗಂಟೆ ಯಾವಾಗಿನಿಂದ ಎಂದು ಕೇಳಿದ್ದೀರಿ. ನನ್ನ ಪ್ರಕಾರ, ಎದ್ದು ಹೋಗಲು ಬಿಡದ ಗಳಿಗೆಯಿಂದಲೇ. ಈ ಗಡುವು ಹಾಕಿರುವ ಸಂವಿಧಾನದ 22ನೇ ವಿಧಿ ಇರುವುದು ವ್ಯಕ್ತಿಯ ಸ್ವಾತಂತ್ರ್ಯ ಕಾಯಲು, ಠಾಣೆಯ ಡೈರಿ ಕಾಯಲು ಅಲ್ಲ.

ಮೊದಲು ಅರೆಸ್ಟ್ ಮೆಮೊ, ಅಂದರೆ ಪೊಲೀಸರು ಬಂಧನದ ವಿವರ ಬರೆಯುವ ಪತ್ರ, ನೋಡಿ. ಬಂಧಿಸಿದ ದಿನ, ಸಮಯ ಎರಡೂ ಇರಬೇಕೆಂದು ಸುಪ್ರೀಂ ಕೋರ್ಟಿನ 1996ರ ಡಿ.ಕೆ. ಬಸು ತೀರ್ಪು ಹೇಳಿದೆ. ಮನೆಯವರೊಬ್ಬರು ಅಥವಾ ಸ್ಥಳೀಯ ಗಣ್ಯರೊಬ್ಬರು ಸಾಕ್ಷಿ ಹಾಕಬೇಕು, ಬಂಧಿತನ ಸಹಿಯೂ ಬೇಕು. ಎಡವಟ್ಟಾಗುವುದು ಇಲ್ಲೇ: ಪೊಲೀಸರು ಬರೆದ ಸಮಯಕ್ಕೆ ಹೆದರಿದ ಹುಡುಗ ಸುಮ್ಮನೆ ಸಹಿ ಹಾಕಿಬಿಡುತ್ತಾನೆ. ನಿಜವಾದ ಸಮಯವನ್ನು ಸಹಿಯ ಪಕ್ಕದಲ್ಲೇ ಬರೆಯಬಹುದು. ಅದು ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಬಾಯಿಬಿಟ್ಟು ಹೇಳಿ, ದಾಖಲಿಸಿಕೊಳ್ಳಲು ಕೋರಬೇಕು.

ಠಾಣೆಯ ಸಿಸಿಟಿವಿ ದೃಶ್ಯ ಉಳಿಸಿಡುವಂತೆ ವಕೀಲರಿಂದ ಇವತ್ತೇ ಅರ್ಜಿ ಹಾಕಿಸಿ. ಠಾಣೆಗಳಲ್ಲಿ ಕ್ಯಾಮೆರಾ ಇರಲೇಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಆದೇಶಿಸಿದೆ. ಒಳಗೆ ಹೋದ ಹೊತ್ತಿಗೆ ಅದಕ್ಕಿಂತ ಗಟ್ಟಿ ಸಾಕ್ಷ್ಯ ಸಿಗುವುದು ಕಷ್ಟ.

ಇನ್ನೊಂದು, ಆರೋಪಕ್ಕೆ ಗರಿಷ್ಠ ಶಿಕ್ಷೆ ಏಳು ವರ್ಷದೊಳಗಿದ್ದರೆ ಬಂಧನವೇ ಏಕೆ ಬೇಕಿತ್ತೆಂದು ಪೊಲೀಸರು ಕಾರಣ ಬರೆದಿರಬೇಕು (2014ರ ಅರ್ನೇಶ್ ಕುಮಾರ್ ತೀರ್ಪು). ಸಾಮಾನ್ಯವಾಗಿ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 35(3)ರಡಿ ಹಾಜರಾಗಲು ಕೊಡುವ ನೋಟಿಸ್ ಸಾಕು.

ಕಾನೂನು ಕಡಿಮೆಯಿಲ್ಲ. ಆದರೆ ಸಮಯ ಬರೆಯುವ ಪೆನ್ನು ಬಂಧಿಸಿದವರ ಕೈಯಲ್ಲೇ ಇದೆ, ಮೊದಲು ಬದಲಾಗಬೇಕಾದದ್ದು ಅದು. ವಕೀಲರಿಗೆ ಹಣವಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಬಂಧನದಲ್ಲಿರುವವರಿಗೆ ಅಲ್ಲಿ ಉಚಿತ ನೆರವಿದೆ.