ಗುಂಪು ಜಾಣ ಆಗಬೇಕಾದರೆ ಇನ್ನೆಷ್ಟು ತಜ್ಞರು ಬೇಕು?

ಆನ್‌ಲೈನ್ ಗುಂಪಿನಲ್ಲಿ ಸಾವಿರಾರು ಜನ ಇದ್ದರೂ ಚರ್ಚೆಯಿಂದ ಏನೂ ಹುಟ್ಟುತ್ತಿಲ್ಲ, ಇನ್ನಷ್ಟು ತಜ್ಞರನ್ನು ಸೇರಿಸಲಾ ಅಂತ ಕೇಳಿದ್ದೀರಿ. ಬೇಡ. ಈ ಹುಚ್ಚು ನನಗೂ ಇತ್ತು.

ಫೋಟೋ ನೋಡಿ ಹಕ್ಕಿ ಗುರುತಿಸುವ ಗುಂಪೊಂದನ್ನು ನಡೆಸುತ್ತಿದ್ದೆ. ಫೋಟೋ ಬಿದ್ದ ತಕ್ಷಣ ಉತ್ತರ ಹಾಕುತ್ತಿದ್ದವರು ನಾವು ಮೂರ್ನಾಲ್ಕು ಹಳಬರು, ಅದರಲ್ಲೂ ನಾನೇ ಮುಂದೆ. ಹೊಸಬರಿಗೆ ಸಹಾಯ ಅಂದುಕೊಂಡಿದ್ದೆ. ಎಡವಿದ್ದು ಇಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಇದು ತಪ್ಪು ಅಂತ ಅನ್ನಿಸುವುದೇ ಇಲ್ಲ.

ಒಮ್ಮೆ ಎದೆ ಮೇಲೆ ಅಡ್ಡಪಟ್ಟೆ ಇದ್ದ ಬೂದು ಹಕ್ಕಿಯ ಫೋಟೋ ಬಂತು. ಗಿಡುಗ ಅಂದೆ. ಹಿಂದೆಯೇ ಲೈಕುಗಳು, 'ಹೌದು, ಗಿಡುಗವೇ' ಅನ್ನುವ ಕಾಮೆಂಟುಗಳು. ಹೊಸ ಸದಸ್ಯೆಯೊಬ್ಬರು 'ಕೊಕ್ಕು ಕೊಕ್ಕೆ ಥರ ಬಾಗಿಲ್ಲ, ಅಲ್ವಾ?' ಅಂತ ಬರೆದು ಸ್ವಲ್ಪ ಹೊತ್ತಿಗೇ ಅಳಿಸಿಬಿಟ್ಟರು. ಅವರು ಹೇಳಿದ್ದೇ ಸರಿ. ಅದು ಕೋಗಿಲೆ ಜಾತಿಯ ಹಕ್ಕಿ, ಅವುಗಳಲ್ಲಿ ಕೆಲವು ನೋಡಲು ಗಿಡುಗದ ಹಾಗೇ ಇರುತ್ತವೆ. ನನ್ನ ಉತ್ತರ ತಪ್ಪಾಗಿದ್ದು ದೊಡ್ಡ ವಿಷಯವಲ್ಲ, ಎಲ್ಲರೂ ತಪ್ಪುತ್ತಾರೆ. ಆದರೆ ನಾನು ಮೊದಲು ಬಾಯಿ ಬಿಟ್ಟಿದ್ದರಿಂದ ಉಳಿದವರು ಫೋಟೋ ಬಿಟ್ಟು ನನ್ನ ಉತ್ತರವನ್ನೇ ನೋಡಿದರು, ಅಷ್ಟೂ 'ಹೌದು'ಗಳು ಸೇರಿ ಒಂದೇ ಒಂದು ಅಭಿಪ್ರಾಯ, ಅದೂ ನನ್ನದು. ಆ ಸದಸ್ಯೆ ಆಮೇಲೆ ಏನೂ ಬರೆಯಲಿಲ್ಲ, ಕೊನೆಗೆ ಗುಂಪನ್ನೇ ಬಿಟ್ಟರು. ಹಾಗೆ ಸದ್ದಿಲ್ಲದೆ ಹೋದವರು ಇನ್ನೆಷ್ಟೋ.

1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ನಡೆದ ಎತ್ತಿನ ತೂಕ ಊಹಿಸುವ ಸ್ಪರ್ಧೆಯ ಕಥೆ ಎಲ್ಲರೂ ಹೇಳುತ್ತಾರೆ. ಫ್ರಾನ್ಸಿಸ್ ಗಾಲ್ಟನ್ ಅನ್ನುವ ಬ್ರಿಟಿಷ್ ವಿಜ್ಞಾನಿ 787 ಚೀಟಿಗಳ ಊಹೆಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ ನೋಡಿದಾಗ ನಟ್ಟನಡುವಿನ ಊಹೆ 1207 ಪೌಂಡ್, ನಿಜವಾದ ತೂಕ 1198. ಜನ ಜಾಸ್ತಿ ಇದ್ದರು, ಅದಕ್ಕೇ ಸರಿಹೋಯಿತು ಅನ್ನುತ್ತಾರೆ. ಪ್ರತಿಯೊಬ್ಬರೂ ತಮ್ಮ ಊಹೆಯನ್ನು ತಮ್ಮ ತಮ್ಮ ಚೀಟಿಯಲ್ಲೇ ಬರೆದು ಕೊಟ್ಟಿದ್ದರು ಅನ್ನುವುದು ಯಾರ ಬಾಯಲ್ಲೂ ಬರುವುದಿಲ್ಲ. ಲೈಕು ಇದಕ್ಕೆ ಪೂರ್ತಿ ಉಲ್ಟಾ, ಅದು ಬೀಳುವುದೇ ಬೇರೆಯವರು ಹೇಳಿದ್ದನ್ನು ನೋಡಿ. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಪ್ರಯೋಗವೊಂದರಲ್ಲಿ, ಸುದ್ದಿ ತಾಣವೊಂದರ ಕಾಮೆಂಟುಗಳಿಗೆ ಶುರುವಿನಲ್ಲೇ ಸುಮ್ನೆ ಒಂದು ಮೆಚ್ಚುಗೆಯ ಮತ ಹಾಕಿದ್ದಕ್ಕೆ ಕೊನೆಯ ಅಂಕ ಸರಾಸರಿ ಶೇ. 25ರಷ್ಟು ಏರಿತ್ತು.

ಆಮೇಲೆ ನಾವು ಒಂದು ದಿನದ ಮಟ್ಟಿಗೆ ಉತ್ತರಗಳನ್ನು ಮುಚ್ಚಿಡಲು ಶುರು ಮಾಡಿದೆವು. ಹೆಸರಿನ ಜೊತೆ ಕಾರಣವನ್ನೂ ಬರೆಯಬೇಕು. ಹಳಬರದ್ದು ಕೊನೆಯ ಸರದಿ. ಮೊದಮೊದಲು ಗುಂಪು ಬಿಕೋ ಅನ್ನುತ್ತಿತ್ತು, ನಿಜ. ನಿಧಾನಕ್ಕೆ ಒಬ್ಬರು ಬಾಲದ ಉದ್ದ ಹಿಡಿದರು, ಇನ್ನೊಬ್ಬರು ಕೂತ ಭಂಗಿ, ಮತ್ತೊಬ್ಬರು ಕಾಲಿನ ಬಣ್ಣ. ನನಗೆ ಕಾಣದೇ ಇದ್ದದ್ದೆಲ್ಲ ಅವರಿಗೆ ಕಂಡಿತ್ತು.

ಹಾಗಾಗಿ ಹೊಸ ತಜ್ಞರನ್ನು ಹುಡುಕುವುದು ಬಿಡಿ. ಇರುವ ತಜ್ಞರಿಗೆ ಒಂದು ದಿನ ತಡೆದು ಬರೆಯಿರಿ ಅಂತ ಹೇಳಿ. ಒಂದಿಬ್ಬರು ಮುನಿಸಿಕೊಂಡು ಹೋಗುತ್ತಾರೆ, ಹೋಗಲಿ ಬಿಡಿ.