ವೆಕ್ಟರ್ ಗಣಿತ ಮೊದಲೋ, ಆಂಟೆನಾ ಮೊದಲೋ?

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿನಿ. ಡೈವರ್ಜೆನ್ಸ್ (ಕ್ಷೇತ್ರ ಒಂದು ಬಿಂದುವಿನಿಂದ ಎಷ್ಟು ಹೊರಹೊಮ್ಮುತ್ತದೆ ಎಂಬ ಅಳತೆ), ಕರ್ಲ್ (ಅಲ್ಲಿ ಎಷ್ಟು ಸುತ್ತುತ್ತದೆ ಎಂಬ ಅಳತೆ) ಇವುಗಳ ಲೆಕ್ಕವನ್ನು ತಪ್ಪಿಲ್ಲದೆ ಮಾಡುತ್ತೇನೆ. ಆದರೆ ಆಂಟೆನಾ ಅಧ್ಯಾಯಕ್ಕೆ ಬಂದ ಕೂಡಲೇ ಯಾವ ಸಮೀಕರಣ ಎಲ್ಲಿಂದ ಬಂತು ಎಂಬುದೇ ತಿಳಿಯದಾಗುತ್ತದೆ. ವೆಕ್ಟರ್ ವಿಶ್ಲೇಷಣೆಯನ್ನು ಮತ್ತೊಮ್ಮೆ ಪೂರ್ತಿ ಓದಿದ ಮೇಲೆ ಮುಂದುವರಿಯಲೇ?

ಉತ್ತರ: ಹಾಗೆ ಕಾಯುವ ಅಗತ್ಯವಿಲ್ಲ. ವಿದ್ಯುತ್ಕಾಂತ ಕ್ಷೇತ್ರದ ಬಗ್ಗೆ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1865ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ 20 ಸಮೀಕರಣಗಳಿದ್ದವು. ಅವನ್ನು ಇಂದಿನ ನಾಲ್ಕು ಸಮೀಕರಣಗಳ ರೂಪಕ್ಕೆ ತರಲು ಬ್ರಿಟಿಷ್ ಎಂಜಿನಿಯರ್ ಹೆವಿಸೈಡ್ ಬಳಸಿದ್ದು ವೆಕ್ಟರ್ ಗಣಿತವನ್ನೇ. ಈ ಗಣಿತ ಬೆಳೆದದ್ದೇ ಇಂಥ ಕೆಲಸಕ್ಕಾಗಿ. ಕೆಲಸದೊಳಗೇ ಅದನ್ನು ಕಲಿಯುವುದು ಸರಿಯಾದ ದಾರಿ ಎಂದು ನಾನು ದೃಢವಾಗಿ ನಂಬಿದ್ದೇನೆ.

ಅದಕ್ಕೆ ಒಂದೇ ಒಂದು ಸಮಸ್ಯೆ ಸಾಕು: z ಅಕ್ಷದ ಉದ್ದಕ್ಕೆ ಇಟ್ಟ, ಉದ್ದಕ್ಕೂ ಒಂದೇ ಪ್ರಮಾಣದ ಪರ್ಯಾಯ ವಿದ್ಯುತ್ ಹರಿಯುವ, ತರಂಗಾಂತರಕ್ಕಿಂತ ತೀರ ಚಿಕ್ಕದಾದ ತಂತಿ. ಕಾಂತಕ್ಷೇತ್ರದ ಡೈವರ್ಜೆನ್ಸ್ ಎಲ್ಲೆಡೆಯೂ ಸೊನ್ನೆಯಾದ್ದರಿಂದ ಅದನ್ನು ಮತ್ತೊಂದು ವೆಕ್ಟರಿನ ಕರ್ಲ್ ಎಂದು ಬರೆಯಬಹುದು. ಆ ವೆಕ್ಟರ್ ಪೊಟೆನ್ಷಿಯಲ್‌ಗೆ ಇಲ್ಲಿ ತಂತಿಯ ದಿಕ್ಕಿನ ಘಟಕವೊಂದೇ ಇರುತ್ತದೆ. ಅದನ್ನು ಗೋಳೀಯ ನಿರ್ದೇಶಾಂಕಗಳಿಗೆ ಬದಲಿಸಿ ಕರ್ಲ್ ತೆಗೆಯಿರಿ. ಹೆಚ್ಚಿನವರು ಎಡವುವುದು ಇಲ್ಲಿಯೇ: ಗೋಳೀಯ ಪದ್ಧತಿಯಲ್ಲಿ ಏಕಮಾನ ವೆಕ್ಟರುಗಳ ದಿಕ್ಕು ಸ್ಥಳದಿಂದ ಸ್ಥಳಕ್ಕೆ ಬದಲಾಗುವುದರಿಂದ, ಘಟಕಗಳನ್ನಷ್ಟೇ ಅವಕಲಿಸಿದರೆ ಉತ್ತರ ತಪ್ಪುತ್ತದೆ.

ಸರಿಯಾಗಿ ಮಾಡಿದರೆ ಕಾಂತಕ್ಷೇತ್ರ ತಂತಿಯನ್ನು ಸುತ್ತುವ ದಿಕ್ಕಿನಲ್ಲಿ ಮಾತ್ರ ಉಳಿಯುತ್ತದೆ. ವಿದ್ಯುತ್ ಕ್ಷೇತ್ರದಲ್ಲಿ ದೂರದ ಮೊದಲ, ಎರಡನೆಯ ಮತ್ತು ಮೂರನೆಯ ಘಾತಗಳಿಗೆ ವಿಲೋಮವಾಗಿ ಕುಗ್ಗುವ ಪದಗಳು ಸಿಗುತ್ತವೆ. ಇವುಗಳಲ್ಲಿ ಮೊದಲನೆಯದು ಮಾತ್ರ ಶಕ್ತಿಯನ್ನು ದೂರಕ್ಕೆ ಒಯ್ಯುತ್ತದೆ. ಅದರ ಜೊತೆಗಿನ ಕಾಂತಕ್ಷೇತ್ರವೂ ದೂರಕ್ಕೆ ವಿಲೋಮವಾಗಿರುವುದರಿಂದ, ಎರಡರ ಕ್ರಾಸ್ ಗುಣಲಬ್ಧವಾದ, ಶಕ್ತಿಯ ಹರಿವನ್ನು ತೋರಿಸುವ ಪಾಯಿಂಟಿಂಗ್ ವೆಕ್ಟರ್ ದೂರದ ವರ್ಗಕ್ಕೆ ವಿಲೋಮವಾಗುತ್ತದೆ; ಗೋಳದ ಮೇಲ್ಮೈ ದೂರದ ವರ್ಗದಂತೆಯೇ ಹಿಗ್ಗುವುದರಿಂದ, ಎಷ್ಟೇ ದೊಡ್ಡ ಗೋಳವನ್ನು ತೆಗೆದುಕೊಂಡರೂ ಅದನ್ನು ದಾಟಿ ಹೋಗುವ ಒಟ್ಟು ಶಕ್ತಿ ಅಷ್ಟೇ ಇರುತ್ತದೆ. ವಿಕಿರಣವೆಂದರೆ ಇದೇ. ಈ ಹಂತವನ್ನು ಪುಸ್ತಕ ಮುಚ್ಚಿಟ್ಟು ನೀವೇ ಬರೆಯಿರಿ.

ಗೋಳದ ಮೇಲೆ ಸಮಾಕಲನ ಮಾಡಿದಾಗ sin³θ ದ ಸಮಾಕಲನದ ಬೆಲೆ 4/3 ಬಂದು (θ ಎಂದರೆ ತಂತಿಯಿಂದ ಅಳೆದ ಕೋನ), ವಿಕಿರಣ ರೋಧ, ಅಂದರೆ ಹೊರಹೋಗುವ ಶಕ್ತಿಯನ್ನು ಸೂಚಿಸುವ ರೋಧ, 80π²(l/λ)² ಓಮ್ ಎಂದಾಗುತ್ತದೆ; ಇಲ್ಲಿ l ತಂತಿಯ ಉದ್ದ, λ ತರಂಗಾಂತರ. 100 ಮೆಗಾಹರ್ಟ್ಸ್‌ನಲ್ಲಿ ತರಂಗಾಂತರ 3 ಮೀಟರ್. ತಂತಿ 6 ಸೆಂಟಿಮೀಟರ್ ಇದ್ದರೆ ರೋಧ ಸುಮಾರು 0.32 ಓಮ್ ಮಾತ್ರ. ನಿಜವಾದ ತಂತಿಯಲ್ಲಿ ವಿದ್ಯುತ್ ತುದಿಗಳತ್ತ ಸೊನ್ನೆಗೆ ಇಳಿಯುವುದರಿಂದ ಅದು ಇನ್ನೂ ನಾಲ್ಕನೇ ಒಂದು ಭಾಗಕ್ಕೆ, ಅಂದರೆ 0.08 ಓಮ್‌ಗೆ ಕುಸಿಯುತ್ತದೆ. ಅರ್ಧ ತರಂಗಾಂತರದ ಡೈಪೋಲ್‌ಗೆ (ನಡುವಿನಲ್ಲಿ ವಿದ್ಯುತ್ ಕೊಡುವ, ತರಂಗಾಂತರದ ಅರ್ಧದಷ್ಟು ಉದ್ದದ ತಂತಿ ಆಂಟೆನಾ) ಇದೇ ರೋಧ ಸುಮಾರು 73 ಓಮ್. ಗಿಡ್ಡ ಆಂಟೆನಾಗೆ ಶಕ್ತಿ ತುಂಬುವುದು ಏಕೆ ಕಷ್ಟ ಎಂಬುದು ಈ ಮೂರು ಸಂಖ್ಯೆಗಳಲ್ಲೇ ಕಾಣುತ್ತದೆ.

ಇದಾದ ಮೇಲೆ ಅರ್ಧ ತರಂಗಾಂತರದ ಡೈಪೋಲನ್ನು ಇಂಥ ಗಿಡ್ಡ ತಂತಿಗಳ ಸಾಲೆಂದು ಭಾವಿಸಿ, ಪ್ರತಿ ತುಣುಕಿನ ದೂರದ ಕ್ಷೇತ್ರವನ್ನು ಅದರ ಫೇಸ್ ವ್ಯತ್ಯಾಸದೊಂದಿಗೆ ಕೂಡಿಸಿ ನೋಡಿ. ಅಲ್ಲಿ ಹೊಸ ವೆಕ್ಟರ್ ಗಣಿತ ಯಾವುದೂ ಬೇಕಾಗುವುದಿಲ್ಲ.