ರೊಟ್ಟಿ ಕಟ್ಟಿಕೊಂಡು ದ್ವೀಪಕ್ಕೆ

ಪ್ರಶ್ನೆ: ನಾವು ಸೇಡಂ ಕಡೆಯವರು, ಗಂಡ-ಹೆಂಡತಿ ಇಬ್ಬರೇ. ನಾಲ್ಕು ದಿನ ಸಮುದ್ರದ ಮುಂದೆ ಸುಮ್ಮನೆ ಕೂತು ಬರುವ ಆಸೆ. ಗದ್ದಲ ಬೇಡ, ದುಡ್ಡೂ ಕಡಿಮೆ. ಎಲ್ಲಿಗೆ ಹೋಗೋಣ?

ಉತ್ತರ: ಅಂಡಮಾನಿನ ನೀಲ್ ದ್ವೀಪಕ್ಕೆ ಹೋಗ್ರಿ. 2018ರಿಂದ ಅದರ ಹೆಸರು ಶಹೀದ್ ದ್ವೀಪ. ಹೈದರಾಬಾದಿಗೆ ರೈಲು, ಅಲ್ಲಿಂದ ಪೋರ್ಟ್ ಬ್ಲೇರ್‌ಗೆ (2024ರಿಂದ ಅದರ ಹೆಸರು ಶ್ರೀ ವಿಜಯಪುರಂ) ವಿಮಾನ, ಮುಂದೆ ಹಡಗು. ಖಾಸಗಿ ಹಡಗಿಗಿಂತ ಸರ್ಕಾರಿ ಹಡಗು ಅಗ್ಗ, ಆದರೆ ಟಿಕೆಟ್ ಬೇಗ ಖಾಲಿಯಾಗುತ್ತದೆ. ವಿಮಾನ ಬಿಟ್ಟರೆ ಉಳಿದದ್ದೆಲ್ಲ ಕೈಗೆಟಕುವ ಖರ್ಚು.

ಕೋಣೆಯನ್ನು ಸಮುದ್ರಕ್ಕೆ ಮುಖ ಮಾಡಿಯೇ ಹಿಡಿಯಬೇಕೆಂದಿಲ್ಲ. ನಾನು ಉಳಿದದ್ದು ತೋಟದೊಳಗಿನ ಬಿದಿರಿನ ಗುಡಿಸಲಿನಲ್ಲಿ. ಫ್ಯಾನು, ಸೊಳ್ಳೆಪರದೆ, ಇಷ್ಟೇ. ಬಾಡಿಗೆ ಸೈಕಲ್ ಇದ್ದರೆ ಊರೆಲ್ಲ ಸುತ್ತಬಹುದು. ಬೆಳಗ್ಗೆ ಸೀತಾಪುರ ಕಡಲತೀರ, ಸಂಜೆ ಲಕ್ಷ್ಮಣಪುರ ಕಡಲತೀರ. ಐದೂವರೆಗೆಲ್ಲ ಕತ್ತಲು! ನಮ್ಮ ಕಲಬುರಗಿಯಲ್ಲಿ ಆ ಹೊತ್ತಿಗೆ ಬಿಸಿಲಿನ ಝಳವೇ ಇಳಿದಿರುವುದಿಲ್ಲ.

ಅಲ್ಲಿ ಕಡಲಂಚಿಗೆ ತಾನಾಗೇ ಆದ ಕಲ್ಲಿನ ಕಮಾನು ಇದೆ. ಅದನ್ನು ನೋಡಲು ಮೊದಲ ದಿನ ಸಮುದ್ರದ ನೀರು ಏರಿದ ಹೊತ್ತಿನಲ್ಲಿ ಹೋಗಿ ಬರೀ ನೀರು ನೋಡಿ ಬಂದೆ. ನೀರು ಇಳಿಯುವ ಹೊತ್ತು ಕೇಳಿಕೊಂಡು ಮರುದಿನ ಹೋದಾಗ ಬಂಡೆಯ ಗುಂಡಿಗಳಲ್ಲಿ ಹವಳ, ಬೆರಳುದ್ದದ ನೀಲಿ ಮೀನು, ಕರಿ ಬದನೆಕಾಯಿಯಂತೆ ಬಿದ್ದಿದ್ದ ಸಮುದ್ರಸೌತೆ ಎಂಬ ಮೆತ್ತನೆಯ ಪ್ರಾಣಿ. ಚಪ್ಪಲಿ ಬಿಡಬೇಡಿ, ಹವಳ ಕೊಯ್ಯುತ್ತದೆ. ಒಂದು ಚೂರೂ ಕಿಸೆಗೆ ಹಾಕಬೇಡಿ, ಅಪರಾಧ.

ಮಳೆಗಾಲ ಬಿಡಿ, ಸಮುದ್ರ ಕೆಟ್ಟರೆ ಹಡಗು ನಿಲ್ಲುತ್ತದೆ. ವಾಪಸ್ ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಿ. ನಗದು ಒಯ್ಯಿರಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿಯನ್ನೂ ಸಹ. ಮೂರನೇ ದಿನಕ್ಕೆ ಮೀನು-ಅನ್ನ ಸಾಕೆನಿಸಿ ನನ್ನಾಕೆ ಅದನ್ನೇ ಬಿಚ್ಚಿದಳು.